ತಾರತಮ್ಯವೂ ಪೂರ್ವಾಪರಕ್ರಮವೂ: ಬಲ್ಮಠದ ವ್ಯಾಕರಣಗಳು ಮತ್ತು ಸ್ಪಾನಿಷ್ ಭಾಷೆಯ ಅಭ್ಯಾಸ

೧

ಅನ್ಯಭಾಷೆಯೊಂದನ್ನು ಕಲಿಯಲು ತೊಡಗಿದವನಿಗೆ ಮೊದಲು ದೊರೆಯುವುವು ವಸ್ತುಗಳ ಹೆಸರುಗಳು. ಅನಂತರ ಬೇಕು, ಬೇಡ, ಕೊಡು, ಬಾ ಎಂಬ ನಿತ್ಯವ್ಯವಹಾರದ ಮಾತುಗಳು. ಇಷ್ಟರ ಬಲದಿಂದ ಸಂತೆಯಲ್ಲಿ ಸರಕು ಕೊಳ್ಳಬಹುದು, ದಾರಿ ಕೇಳಬಹುದು. ಆದರೆ ಎರಡು ವಸ್ತುಗಳನ್ನು ಒಂದಕ್ಕೊಂದು ಹೋಲಿಸಿ ಹೆಚ್ಚುಕಡಿಮೆಗಳನ್ನು ನಿರ್ಣಯಿಸುವುದೂ, ನಡೆದ ಸಂಗತಿಗಳನ್ನು ನಡೆದ ಕ್ರಮದಲ್ಲಿಯೇ ನಿರೂಪಿಸುವುದೂ ಇಷ್ಟರಿಂದ ಸಾಧ್ಯವಾಗುವುದಿಲ್ಲ. ಈ ಎರಡು ಕಾರ್ಯಗಳಿಗೆ ವಾಕ್ಯರಚನೆಯ ಒಳಗುಟ್ಟು ತಿಳಿದಿರಬೇಕು. ಮೊದಲನೆಯದನ್ನು ತಾರತಮ್ಯವೆಂದೂ ಎರಡನೆಯದನ್ನು ಪೂರ್ವಾಪರಕ್ರಮವೆಂದೂ ಇಲ್ಲಿ ಕರೆಯಲಾಗಿದೆ.

ಸ್ಪಾನಿಷ್ ಭಾಷೆಯನ್ನು ಅಭ್ಯಾಸಮಾಡುವ ಕನ್ನಡಿಗರು ಎಡವುವುದು ಬಹುಮಟ್ಟಿಗೆ ಈ ಎರಡು ಎಡೆಗಳಲ್ಲಿಯೇ. ಅದಕ್ಕೆ ಕಾರಣವು ಆ ಭಾಷೆಯ ಕಾಠಿನ್ಯವೆಂದು ಹೇಳುವುದು ವಾಡಿಕೆ. ವಿಚಾರಮಾಡಿ ನೋಡಿದರೆ ಕಾರಣವು ಬೇರೆಯಾಗಿ ತೋರುತ್ತದೆ. ಒಂದೇ ಅರ್ಥದ ಭಾರವನ್ನು ಎರಡು ಭಾಷೆಗಳೂ ಹೊರುತ್ತವೆ. ಆದರೆ ವಾಕ್ಯದ ಬೇರೆ ಬೇರೆ ಅಂಗಗಳ ಮೇಲೆ ಹೊರಿಸುತ್ತವೆ. ಕನ್ನಡದಲ್ಲಿ ತಾರತಮ್ಯವು ನಾಮಪದದ ವಿಭಕ್ತಿಯ ಮೇಲೆ ನಿಂತಿದೆ, ಸ್ಪಾನಿಷ್ ಭಾಷೆಯಲ್ಲಿ ಗುಣವಾಚಕದ ಮುಂದೆ ಬರುವ ಅವ್ಯಯದ ಮೇಲೆ. ಕನ್ನಡದಲ್ಲಿ ಪೂರ್ವಾಪರಕ್ರಮವು ಕೃದಂತಗಳ ಸರಪಣಿಯಲ್ಲಿ ಅಡಗಿದೆ, ಸ್ಪಾನಿಷ್ ಭಾಷೆಯಲ್ಲಿ ಪೂರ್ಣಕ್ರಿಯೆಯ ಕಾಲಭೇದಗಳಲ್ಲಿ. ಈ ಸ್ಥಾನಭೇದವನ್ನರಿತವನಿಗೆ ಅಭ್ಯಾಸವು ಸುಗಮವಾಗುವುದು. ಅರಿಯದವನು ಪ್ರತಿಯೊಂದು ವಾಕ್ಯವನ್ನೂ ಬಾಯಿಪಾಠಮಾಡಬೇಕಾಗುವುದು.

ಈ ವಿಚಾರವನ್ನು ಪರಿಶೀಲಿಸಲು ಮಂಗಳೂರಿನ ಬಲ್ಮಠಕ್ಕಿಂತ ಉಚಿತವಾದ ಸ್ಥಳವಿಲ್ಲ. ಏಕೆಂದರೆ ಇದೇ ಹಾದಿಯನ್ನು ವಿರುದ್ಧದಿಕ್ಕಿನಿಂದ ನಡೆದು ಬಂದವರು ಅಲ್ಲಿದ್ದರು. ಐರೋಪ್ಯಭಾಷೆಯನ್ನು ಮಾತೃಭಾಷೆಯಾಗಿ ಪಡೆದು ಕನ್ನಡವನ್ನು ಕಲಿತ ಜರ್ಮನ್ ವಿದ್ವಾಂಸರ ಪರಿಶ್ರಮದ ಫಲವು ಆ ಗುಡ್ಡದ ಮೇಲಿನ ಮುದ್ರಣಾಲಯದಿಂದ ಗ್ರಂಥರೂಪವಾಗಿ ಹೊರಬಂದಿತು.

೨

ಬಾಸೆಲ್ ಮಿಷನ್ನಿನ ಮೊದಲ ಮೂವರು ಪ್ರತಿನಿಧಿಗಳು ೧೮೩೪ರಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದು ಮಂಗಳೂರಿನಲ್ಲಿ ನೆಲೆಸಿದರು. ೧೮೩೬ರಲ್ಲಿ ಬಂದ ಹರ್ಮನ್ ಮೋಗ್ಲಿಂಗನು ಬಲ್ಮಠವನ್ನು ವಿದ್ಯಾಕೇಂದ್ರವನ್ನಾಗಿ ಬೆಳಸಿದನು. ೧೮೪೧ರಲ್ಲಿ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯವು ಪ್ರಾರಂಭವಾಯಿತು. ೧೮೪೩ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಪ್ರಸಿದ್ಧವಾದ ‘ಮಂಗಳೂರ ಸಮಾಚಾರ’ವು ಅಲ್ಲಿ ಅಚ್ಚಾಯಿತು. ೧೮೪೮ರಿಂದ ಮೋಗ್ಲಿಂಗನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಪ್ರಾಚೀನ ಕನ್ನಡ ಕಾವ್ಯಗಳನ್ನು ಪ್ರಕಟಿಸತೊಡಗಿದನು.

೧೮೫೩ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲನು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ೧೮೭೨ರಲ್ಲಿ ಸಂಪಾದಿಸಿ ಮುದ್ರಿಸಿದನು. ಅವನ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿಯೂ, ಹಳಗನ್ನಡ ನಡುಗನ್ನಡ ಹೊಸಗನ್ನಡಗಳೆಂಬ ಮೂರು ಅವಸ್ಥೆಗಳನ್ನೂ ಒಳಗೊಂಡ ವ್ಯಾಕರಣವು ೧೯೦೩ರಲ್ಲಿಯೂ ಮಂಗಳೂರಿನಿಂದಲೇ ಪ್ರಕಟವಾದುವು. ವ್ಯಾಕರಣವು ಹೊರಬಂದ ವರ್ಷವೇ ಕಿಟ್ಟೆಲನು ದಿವಂಗತನಾದನು. ಮಂಗಳೂರಿನ ಇತರ ಭಾಷೆಗಳಿಗೂ ಈ ಮುದ್ರಣಾಲಯವು ಉಪಕರಿಸಿತು. ಬ್ರಿಗೆಲನ ತುಳು ವ್ಯಾಕರಣವು ೧೮೭೨ರಲ್ಲಿ ಅಚ್ಚಾಯಿತು. ಇಟಲಿಯ ಜೆಸುಯಿಟ್ ಪಾದ್ರಿ ಆಂಜೆಲೊ ಮಫ್ಫೆಯಿಯ ಕೊಂಕಣಿ ವ್ಯಾಕರಣವು ೧೮೮೨ರಲ್ಲಿ ಅಚ್ಚಾಯಿತು. ಬೇರೆ ಸಂಘದ ಪಾದ್ರಿಯ ಗ್ರಂಥವನ್ನು ಬಾಸೆಲ್ ಮಿಷನ್ನಿನವರು ಮುದ್ರಿಸಿಕೊಟ್ಟರೆಂಬುದು ಭಾಷಾಸೇವೆಯ ಚರಿತ್ರೆಯಲ್ಲಿ ಸ್ಮರಣೀಯವಾದ ಸಂಗತಿ.

ಈ ಗ್ರಂಥಕರ್ತರೆಲ್ಲರಿಗೂ ಒಂದು ಸಮಾನವಾದ ತೊಡಕು ಇದ್ದಿತು. ಅವರ ಕಾಲದ ಯೂರೋಪಿನಲ್ಲಿ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣದ ಅಚ್ಚು. ಅದರಲ್ಲಿ ಗುಣವಾಚಕಕ್ಕೆ ಮೂರು ಅಂತಸ್ತುಗಳುಂಟು. ಕ್ರಿಯಾಪದಕ್ಕೆ ಭೂತಕಾಲದ ಹಲವು ಭೇದಗಳುಂಟು. ಕನ್ನಡವನ್ನು ಈ ಅಚ್ಚಿನಲ್ಲಿ ಎರೆದರೆ ಕೆಲವು ಮನೆಗಳು ಬರಿದಾಗಿ ಉಳಿಯುತ್ತವೆ, ಕೆಲವು ಸಾಮಗ್ರಿಗಳಿಗೆ ಮನೆಯೇ ಇರುವುದಿಲ್ಲ. ಬರಿದಾದ ಮನೆಯನ್ನು ಕಂಡು ‘ಈ ಭಾಷೆಯಲ್ಲಿ ಇದು ಇಲ್ಲ’ ಎಂದು ಬರೆದುಬಿಡುವುದು ಸುಲಭ. ಕೇಶಿರಾಜನನ್ನು ಮುಂದಿಟ್ಟುಕೊಂಡು ಬರೆದುದರಿಂದ ಕಿಟ್ಟೆಲನ ವ್ಯಾಕರಣವು ಈ ದೋಷದಿಂದ ಬಹುಮಟ್ಟಿಗೆ ಪಾರಾಯಿತು. ಲೋಪವೆಂದು ತೋರುವ ಎಡೆಯಲ್ಲಿ ‘ಈ ಅರ್ಥವನ್ನು ಈ ಭಾಷೆಯು ಎಲ್ಲಿಟ್ಟಿದೆ?’ ಎಂದು ಕೇಳುವುದೇ ಪರಭಾಷಾಭ್ಯಾಸಿಗೆ ಅದರಿಂದ ದೊರೆಯುವ ಪಾಠ.

೩

ಮೊದಲು ತಾರತಮ್ಯವನ್ನು ನೋಡಬಹುದು. ಈ ಶಬ್ದವೇ ಸಂಸ್ಕೃತದ ತರ, ತಮ ಎಂಬ ಎರಡು ಪ್ರತ್ಯಯಗಳಿಂದ ಹುಟ್ಟಿದುದು. ಸಂಸ್ಕೃತದಲ್ಲಿ ಗುರುತರ, ಗುರುತಮ ಎಂಬಂತೆ ಗುಣವಾಚಕಕ್ಕೆ ಪ್ರತ್ಯಯ ಹತ್ತುತ್ತದೆ. ಯಾವುದರಿಂದ ಬೇರ್ಪಡಿಸಿ ಹೇಳುವುದೋ ಅದಕ್ಕೆ ಪಂಚಮೀ ವಿಭಕ್ತಿ ಬರುತ್ತದೆ. ಜರ್ಮನ್ ಭಾಷೆಯಲ್ಲಿಯೂ ಗುಣವಾಚಕವು ರೂಪವನ್ನು ಬದಲಿಸುತ್ತದೆ. ಹೋಲಿಕೆಯ ವಸ್ತುವಿನ ಮುಂದೆ ‘ಆಲ್ಸ್’ ಎಂಬ ಅವ್ಯಯ ಬರುತ್ತದೆ.

ಕನ್ನಡದ ಗುಣವಾಚಕವು ಈ ವಿಷಯದಲ್ಲಿ ಅಚಲವಾದುದು. ದೊಡ್ಡದು ಯಾವಾಗಲೂ ದೊಡ್ಡದೇ. ‘ಆನೆ ಕುದುರೆಗಿಂತ ದೊಡ್ಡದು’ ಎಂಬಲ್ಲಿ ಹೋಲಿಕೆಯ ಭಾರವೆಲ್ಲವೂ ಚತುರ್ಥಿಯ ರೂಪದ ಮೇಲೆ ನಿಂತ ‘ಇಂತ’ ಎಂಬುದರ ಮೇಲೆ ಬಿದ್ದಿದೆ. ಹೋಲಿಕೆಯ ವಸ್ತುವನ್ನು ಬಾಯಲ್ಲಿ ಹೇಳದಿದ್ದರೂ ಕನ್ನಡವು ಕಂಗೆಡುವುದಿಲ್ಲ. ‘ಇವೆರಡರಲ್ಲಿ ಯಾವುದು ಒಳ್ಳೆಯದು?’ ಎಂದರೆ ‘ಯಾವುದು ಹೆಚ್ಚು ಒಳ್ಳೆಯದು?’ ಎಂದೇ ಅರ್ಥ. ‘ಹೆಚ್ಚು’ ಎಂಬ ಮಾತನ್ನು ಸೇರಿಸಬಹುದು, ಸೇರಿಸಲೇಬೇಕೆಂಬ ಕಟ್ಟಿಲ್ಲ. ಮಂಗಳೂರಿನ ನೆರೆಭಾಷೆಗಳೂ ಇದೇ ದಾರಿಯವು. ತುಳುವಿನಲ್ಲಿ ಪಂಚಮಿಯ ಪ್ರತ್ಯಯವೇ ಈ ಕೆಲಸವನ್ನು ಮಾಡುತ್ತದೆ. ಮಂಗಳೂರಿನ ಕ್ರೈಸ್ತರ ಕೊಂಕಣಿಯಲ್ಲಿ ಹೋಲಿಕೆಯ ನಾಮಪದದ ಬಳಿಕ ‘ಪ್ರಾಸ್’ ಎಂಬ ಶಬ್ದ ಬರುತ್ತದೆ. ಗುಣವಾಚಕವು ಎರಡರಲ್ಲಿಯೂ ಇದ್ದಂತೆಯೇ ಇರುತ್ತದೆ.

ಸ್ಪಾನಿಷ್ ಭಾಷೆಯ ಕ್ರಮವು ಹೀಗಿದೆ. (ಈ ಲೇಖನದಲ್ಲಿ ಆ ಭಾಷೆಯ ಶಬ್ದಗಳನ್ನು ಉಚ್ಚಾರಣೆಗೆ ಸಮೀಪವಾಗುವಂತೆ ಕನ್ನಡಲಿಪಿಯಲ್ಲಿ ಬರೆಯಲಾಗಿದೆ.) ‘ಪೆದ್ರೊ ಎಸ್ ಮಾಸ್ ಆಲ್ತೊ ಕೆ ಹ್ವಾನ್’ ಎಂದರೆ ಪೆದ್ರೊ ಹ್ವಾನನಿಗಿಂತ ಎತ್ತರ. ‘ಆಲ್ತೊ’ ಎಂದರೆ ಎತ್ತರವಾದವನು. ‘ಮಾಸ್’ ಎಂದರೆ ಹೆಚ್ಚು. ‘ಕೆ’ ಎಂಬುದು ಹೋಲಿಕೆಯ ವಸ್ತುವನ್ನು ತಂದು ನಿಲ್ಲಿಸುವ ಅವ್ಯಯ. ಜರ್ಮನಿನಂತೆ ಇಲ್ಲಿ ಗುಣವಾಚಕವು ತಾರತಮ್ಯಕ್ಕಾಗಿ ರೂಪವನ್ನು ಬದಲಿಸುವುದಿಲ್ಲ. ಈ ಅಂಶದಲ್ಲಿ ಸ್ಪಾನಿಷ್ ಕನ್ನಡಕ್ಕೆ ಜರ್ಮನಿಗಿಂತ ಹತ್ತಿರ. ಆದರೆ ‘ಮಾಸ್’ ಎಂಬುದನ್ನು ಬಿಡುವಂತಿಲ್ಲ. ಕನ್ನಡಿಗನು ‘ಗಿಂತ’ವನ್ನು ‘ಕೆ’ ಎಂದು ಪರಿವರ್ತಿಸಿ, ‘ಹೆಚ್ಚು’ ಎಂಬುದು ತನ್ನ ಭಾಷೆಯಲ್ಲಿ ಐಚ್ಛಿಕವಾದುದರಿಂದ ಅದನ್ನು ಕೈಬಿಟ್ಟು, ‘ಪೆದ್ರೊ ಎಸ್ ಆಲ್ತೊ ಕೆ ಹ್ವಾನ್’ ಎಂದರೆ ವಾಕ್ಯವು ಅರ್ಥಹೀನವಾಗುವುದು. ಇದಕ್ಕೆ ಪ್ರತಿಯಾಗಿ ಐರೋಪ್ಯನು ಕನ್ನಡ ಕಲಿಯುವಾಗ ‘ಹೆಚ್ಚು’ ಎಂಬುದನ್ನು ಪ್ರತಿಯೊಂದು ಗುಣವಾಚಕಕ್ಕೂ ಅಂಟಿಸುವ ಪ್ರವೃತ್ತಿಯುಳ್ಳವನಾಗುತ್ತಾನೆ. ಇಂಗ್ಲಿಷಿನಿಂದ ಅನುವಾದವಾದ ಇತ್ತೀಚಿನ ಕನ್ನಡ ಗದ್ಯದಲ್ಲಿಯೂ ‘ಹೆಚ್ಚು ಒಳ್ಳೆಯ’, ‘ಹೆಚ್ಚು ದೊಡ್ಡ’ ಎಂಬ ಪ್ರಯೋಗಗಳು ಬೇಕಿಲ್ಲದ ಕಡೆಯೂ ಹೇರಳವಾಗಿರುವುದನ್ನು ವಾಚಕರು ಬಲ್ಲರು.

ಕೆಲವು ಗುಣವಾಚಕಗಳಿಗೆ ಮಾತ್ರ ಲ್ಯಾಟಿನಿನಿಂದ ಉಳಿದುಬಂದ ಒಂಟಿರೂಪಗಳುಂಟು: ಮೇಲಾದುದಕ್ಕೆ ‘ಮೆಹೋರ್’, ಕೀಳಾದುದಕ್ಕೆ ‘ಪೆಓರ್’, ಹಿರಿಯದಕ್ಕೆ ‘ಮಯೋರ್’, ಕಿರಿಯದಕ್ಕೆ ‘ಮೆನೋರ್’. ಇವುಗಳಲ್ಲಿ ‘ಹೆಚ್ಚು’ ಎಂಬ ಅರ್ಥವು ಒಳಗೇ ಅಡಗಿರುವುದರಿಂದ ಇವುಗಳ ಮುಂದೆ ‘ಮಾಸ್’ ಸಲ್ಲದು.

೪

ವಿಭಕ್ತಿಯಿಂದ ತಾರತಮ್ಯವನ್ನು ಸೂಚಿಸುವ ಕ್ರಮವು ಐರೋಪ್ಯಭಾಷೆಗಳಿಗೆ ಅಪರಿಚಿತವಾದುದೇನಲ್ಲ. ಲ್ಯಾಟಿನಿನಲ್ಲಿ ಹೋಲಿಕೆಯ ವಸ್ತುವಿಗೆ ಅಪಾದಾನದ ವಿಭಕ್ತಿಯನ್ನು ಹಚ್ಚುವ ಪದ್ಧತಿಯಿದ್ದಿತು. ಸ್ಪಾನಿಷ್ ಭಾಷೆಯಲ್ಲಿ ಅಪಾದಾನಾರ್ಥದ ‘ದೆ’ ಎಂಬ ಅವ್ಯಯವು ಎರಡು ಎಡೆಗಳಲ್ಲಿ ‘ಕೆ’ಯ ಸ್ಥಾನವನ್ನು ಆಕ್ರಮಿಸುತ್ತದೆ, ಆ ಎರಡೂ ಎಡೆಗಳು ಕನ್ನಡಿಗನಿಗೆ ಗಮನಾರ್ಹವಾದುವು.

ಮೊದಲನೆಯದು ಸಂಖ್ಯೆ. ‘ಹತ್ತಕ್ಕಿಂತ ಹೆಚ್ಚು ಪುಸ್ತಕಗಳು’ ಎನ್ನಲು ‘ಮಾಸ್ ದೆ ದಿಯೆಸ್ ಲಿಬ್ರೊಸ್’ ಎನ್ನಬೇಕು. ಇಲ್ಲಿ ‘ಕೆ’ ಬರುವುದಿಲ್ಲ. ಎರಡನೆಯದು ವಾಕ್ಯವೇ ಹೋಲಿಕೆಯ ವಸ್ತುವಾಗುವ ಸಂದರ್ಭ. ‘ನಾನು ಎಣಿಸಿದ್ದಕ್ಕಿಂತ ಸುಲಭ’ ಎಂಬಲ್ಲಿ ಕನ್ನಡವು ಎಣಿಸಿದ ಕ್ರಿಯೆಯನ್ನು ‘ಎಣಿಸಿದ್ದು’ ಎಂದು ನಾಮವನ್ನಾಗಿಸಿ ಅದಕ್ಕೆ ವಿಭಕ್ತಿಯನ್ನು ಹಚ್ಚುತ್ತದೆ. ಸ್ಪಾನಿಷ್ ಭಾಷೆಯೂ ‘ಮಾಸ್ ಫಾಸಿಲ್ ದೆ ಲೊ ಕೆ ಪೆನ್ಸಾಬಾ’ ಎಂದು, ‘ಲೊ ಕೆ’ ಎಂಬುದರಿಂದ ಆ ವಾಕ್ಯಭಾಗವನ್ನು ನಾಮಸ್ಥಾನದಲ್ಲಿ ನಿಲ್ಲಿಸಿ, ‘ದೆ’ ಎಂಬುದರಿಂದ ಅದನ್ನು ಬೇರ್ಪಡಿಸುತ್ತದೆ. ದೂರದ ಎರಡು ಭಾಷೆಗಳು ಇಲ್ಲಿ ಒಂದೇ ಉಪಾಯವನ್ನು ಹಿಡಿದಿರುವುವು. ಇದನ್ನು ಬಾಯಿಪಾಠದ ಅಪವಾದವೆಂದು ಕಲಿಸುವುದಕ್ಕಿಂತ ಕನ್ನಡದ ‘ಎಣಿಸಿದ್ದಕ್ಕಿಂತ’ದ ಪಕ್ಕದಲ್ಲಿಟ್ಟು ತೋರಿಸಿದರೆ ವಿದ್ಯಾರ್ಥಿಗೆ ಕೂಡಲೆ ಮನದಟ್ಟಾಗುವುದು.

ಸಮಾನತೆಯನ್ನು ಹೇಳುವಾಗ ಕನ್ನಡದ ‘ಅಷ್ಟು’ ಎಂಬೊಂದೇ ಶಬ್ದವು ಎಲ್ಲ ಕಡೆಯೂ ನಡೆಯುತ್ತದೆ: ಅವನಷ್ಟು ಎತ್ತರ, ಅವನಷ್ಟು ಹಣ, ಅವನಷ್ಟು ಓದುತ್ತಾನೆ. ಸ್ಪಾನಿಷ್ ಭಾಷೆಯು ಈ ಮೂರನ್ನೂ ಬೇರ್ಪಡಿಸುತ್ತದೆ. ಗುಣವಾಚಕದ ಮುಂದೆ ‘ತಾನ್’ ಎಂದೂ, ನಾಮಪದದ ಮುಂದೆ ಲಿಂಗವಚನಗಳನ್ನನುಸರಿಸಿ ಬದಲಾಗುವ ‘ತಾಂತೊ’ ಎಂದೂ, ಕ್ರಿಯೆಯೊಡನೆ ಬದಲಾಗದ ‘ತಾಂತೊ’ ಎಂದೂ ಬಳಸಿ, ಮೂರರ ಬಳಿಕವೂ ‘ಕೊಮೊ’ ಎಂಬುದನ್ನು ತರುತ್ತದೆ. ‘ಕೊಮೊ’ ಒಂದೇ ಬಂದರೆ ಅದು ಕನ್ನಡದ ‘ಅಂತೆ’, ‘ಹಾಗೆ’ಗಳಿಗೆ ಸಮಾನ, ಅಲ್ಲಿ ಅಳತೆಯ ಅರ್ಥವಿಲ್ಲ, ಸಾದೃಶ್ಯದ ಅರ್ಥ ಮಾತ್ರ. ಕಡಿಮೆಯನ್ನು ಹೇಳಲು ‘ಮೆನೊಸ್’ ಎಂಬ ಶಬ್ದವುಂಟು. ಆದರೆ ಕನ್ನಡಿಗನು ‘ಅವನಷ್ಟು ಎತ್ತರವಲ್ಲ’ ಎಂದು ಸಮಾನತೆಯನ್ನು ನಿಷೇಧಿಸಿ ಹೇಳುವುದೇ ಹೆಚ್ಚು. ಸ್ಪಾನಿಷ್ ಭಾಷೆಯಲ್ಲಿಯೂ ‘ನೊ ಎಸ್ ತಾನ್ ಆಲ್ತೊ ಕೊಮೊ’ ಎಂಬ ಪ್ರಯೋಗವು ಶಿಷ್ಟಸಮ್ಮತವಾದುದು.

ಬಹುಮಂದಿಯಲ್ಲಿ ಒಬ್ಬನನ್ನು ಆರಿಸಿ ಹೇಳುವುದಕ್ಕೆ ಸಂಸ್ಕೃತ ವ್ಯಾಕರಣದಲ್ಲಿ ನಿರ್ಧಾರಣವೆಂದು ಹೆಸರು. ಅಲ್ಲಿ ಷಷ್ಠಿಯಾಗಲಿ ಸಪ್ತಮಿಯಾಗಲಿ ಬರಬಹುದು. ಕನ್ನಡವು ‘ಎಲ್ಲರಲ್ಲಿ ದೊಡ್ಡವನು’ ಎಂದು ಸಪ್ತಮಿಯನ್ನೂ, ‘ಎಲ್ಲರಿಗಿಂತ ದೊಡ್ಡವನು’ ಎಂದು ತಾರತಮ್ಯದ ರೂಪವನ್ನೂ ಬಳಸುತ್ತದೆ. ಸ್ಪಾನಿಷ್ ಭಾಷೆಯಲ್ಲಿ ‘ಎಲ್ ಮಾಸ್ ಆಲ್ತೊ ದೆ ಲಾ ಕ್ಲಾಸೆ’, ಅಂದರೆ ತರಗತಿಯ ಅತ್ಯಂತ ಎತ್ತರದವನು, ಎಂದು ಷಷ್ಠ್ಯರ್ಥದ ‘ದೆ’ ಬರುತ್ತದೆ. ‘ತರಗತಿಯಲ್ಲಿ’ ಎಂಬುದನ್ನು ಶಬ್ದಶಃ ಪರಿವರ್ತಿಸಿ ಅಧಿಕರಣಾರ್ಥದ ‘ಎನ್’ ಎಂಬುದನ್ನು ಬಳಸುವುದು ಕನ್ನಡಿಗರಲ್ಲಿ ಸಹಜವಾದ ಸ್ಖಾಲಿತ್ಯ. ಉಳಿದಂತೆ, ‘ಉಪ್ಪಿಗಿಂತ ರುಚಿಯಿಲ್ಲ’ ಎಂಬ ಲೋಕೋಕ್ತಿಯಂತೆ ನಿಷೇಧದಿಂದಲೇ ಪರಮಾವಧಿಯನ್ನು ಸೂಚಿಸುವ ರೀತಿಯು ಎರಡು ಭಾಷೆಗಳಿಗೂ ಸಮಾನವಾಗಿದೆ.

೫

ಇನ್ನು ಪೂರ್ವಾಪರಕ್ರಮದ ವಿಚಾರ. ಕನ್ನಡದಲ್ಲಿ ಕಥೆಹೇಳುವವನ ಮುಖ್ಯಸಾಧನವು ಭೂತನ್ಯೂನಕೃದಂತ. ‘ಎದ್ದು, ಮುಖ ತೊಳೆದು, ಉಂಡು, ಹೊರಟನು’ ಎಂಬಲ್ಲಿ ನಾಲ್ಕು ಕ್ರಿಯೆಗಳಿವೆ. ಆದರೆ ಕಾಲವನ್ನೂ ಪುರುಷವನ್ನೂ ಹೊತ್ತುದು ಕೊನೆಯದೊಂದೇ. ಮಿಕ್ಕವು ತಮ್ಮ ಸ್ಥಾನದಿಂದಲೇ ತಮ್ಮ ಕ್ರಮವನ್ನು ತಿಳಿಸುತ್ತವೆ. ಸಂಸ್ಕೃತದ ಕ್ತ್ವಾಪ್ರತ್ಯಯಕ್ಕೆ ಪಾಣಿನಿಯು ಎರಡು ನಿಯಮಗಳನ್ನು ವಿಧಿಸಿರುವನು: ಎರಡು ಕ್ರಿಯೆಗಳಿಗೂ ಕರ್ತೃವು ಒಬ್ಬನೇ ಆಗಿರಬೇಕು, ಪ್ರತ್ಯಯ ಹತ್ತಿದ ಕ್ರಿಯೆಯು ಮೊದಲು ನಡೆದಿರಬೇಕು. ಕನ್ನಡದ ಭೂತನ್ಯೂನಕ್ಕೂ ಈ ಲಕ್ಷಣವು ಬಹುಮಟ್ಟಿಗೆ ಒಪ್ಪುತ್ತದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಕನ್ನಡದ ಕೃದಂತಗಳು ಸೂಚಿಸುವ ಕಾಲವು ಸಾಪೇಕ್ಷವಾದುದೆಂಬುದು. ‘ನಾಳೆ ಅವನು ಬಂದ ಮೇಲೆ ಹೇಳುತ್ತೇನೆ’ ಎಂಬಲ್ಲಿ ಬರುವುದು ಇನ್ನೂ ನಡೆದಿಲ್ಲ. ಆದರೂ ರೂಪವು ‘ಬಂದ’ ಎಂದು ಭೂತವಾಗಿದೆ, ಏಕೆಂದರೆ ಹೇಳುವುದಕ್ಕಿಂತ ಅದು ಮೊದಲು. ‘ನಿನ್ನೆ ಅವನು ಬರುವ ಮೊದಲೇ ಹೊರಟೆನು’ ಎಂಬಲ್ಲಿ ಬರುವುದು ನಡೆದುಹೋಗಿದೆ. ಆದರೂ ರೂಪವು ‘ಬರುವ’ ಎಂದು ಭವಿಷ್ಯವಾಗಿದೆ, ಏಕೆಂದರೆ ಹೊರಟಾಗ ಅದು ಇನ್ನೂ ನಡೆದಿರಲಿಲ್ಲ. ಮಾತಾಡುವವನು ನಿಂತ ಹೊತ್ತನ್ನು ಕಡೆಗಣಿಸಿ, ಮುಖ್ಯಕ್ರಿಯೆ ನಡೆದ ಹೊತ್ತಿನಿಂದಲೇ ಈ ಕೃದಂತಗಳು ಕಾಲವನ್ನೆಣಿಸುತ್ತವೆ.

ಸ್ಪಾನಿಷ್ ಭಾಷೆಯಲ್ಲಿ ಈ ಸಾಪೇಕ್ಷತೆಯು ಪೂರ್ಣಕ್ರಿಯೆಗಳ ರೂಪದಲ್ಲಿಯೇ ಸೇರಿಕೊಂಡಿದೆ. ಆ ಭಾಷೆಗೆ ಮೊದಲ ವ್ಯಾಕರಣವನ್ನು ೧೪೯೨ರಲ್ಲಿ ಆಂತೋನಿಯೊ ದೆ ನೆಬ್ರಿಹನು ಪ್ರಕಟಿಸಿದನು. ಆದರೆ ಭೂತಕಾಲಗಳ ಪರಸ್ಪರ ಸಂಬಂಧವನ್ನು ಅವುಗಳ ಹೆಸರಿನಲ್ಲಿಯೇ ತೋರಿಸಿಕೊಟ್ಟವನು ದಕ್ಷಿಣ ಅಮೆರಿಕದ ವಿದ್ವಾಂಸನಾದ ಆಂದ್ರೆಸ್ ಬೆಯೊ. ಮೋಗ್ಲಿಂಗನು ತನ್ನ ಗ್ರಂಥಮಾಲೆಯನ್ನು ಪ್ರಾರಂಭಿಸುವುದಕ್ಕೆ ಒಂದು ವರ್ಷ ಮೊದಲು, ೧೮೪೭ರಲ್ಲಿ, ಬೆಯೊವಿನ ವ್ಯಾಕರಣವು ಪ್ರಕಟವಾಯಿತು. ಆತನು ನಡೆದು ಮುಗಿದ ಕ್ರಿಯೆಯ ರೂಪವನ್ನು ಭೂತವೆಂದೂ, ಮತ್ತೊಂದು ಭೂತಕ್ರಿಯೆಯೊಡನೆ ಏಕಕಾಲದಲ್ಲಿ ಇದ್ದುದರ ರೂಪವನ್ನು ಸಹಭೂತವೆಂದೂ, ಅಂತಹ ಸಹಭೂತಕ್ಕಿಂತಲೂ ಹಿಂದಿನದನ್ನು ಪೂರ್ವಸಹಭೂತವೆಂದೂ ಅರ್ಥಬರುವಂತೆ ನಾಮಕರಣಮಾಡಿದನು. ಲ್ಯಾಟಿನ್ ಅಚ್ಚನ್ನು ಬದಿಗಿಟ್ಟು ಭಾಷೆಯ ಒಳಗಿನ ಸಂಬಂಧಗಳಿಂದಲೇ ಲಕ್ಷಣವನ್ನು ಕಟ್ಟಿದ ಈ ದೃಷ್ಟಿಯು ಕನ್ನಡಿಗನಿಗೆ ಬಹಳ ಉಪಯುಕ್ತವಾದುದು.

‘ಬರು’ ಧಾತುವಿಗೆ ಸಮೀಪವಾದ, ತಲಪು ಎಂಬರ್ಥದ ‘ಯೆಗಾರ್’ ಎಂಬ ಧಾತುವನ್ನು ತೆಗೆದುಕೊಂಡರೆ, ‘ಯೆಗೋ’ ಎಂಬುದು ಬಂದನು, ‘ಯೆಗಾಬಾ’ ಎಂಬುದು ಬರುತ್ತಿದ್ದನು, ‘ಅಬೀಯಾ ಯೆಗಾದೊ’ ಎಂಬುದು ಬಂದಿದ್ದನು ಎಂದು ಸ್ಥೂಲವಾಗಿ ಸರಿದೂಗುತ್ತವೆ. ಮೊದಲನೆಯದು ಕಥೆಯನ್ನು ಮುಂದಕ್ಕೆ ನಡೆಸುತ್ತದೆ; ಎರಡನೆಯದು ಕಥೆಯ ಹಿನ್ನೆಲೆಯನ್ನು ಹರವುತ್ತದೆ; ಮೂರನೆಯದು ಕಥೆ ನಡೆಯುವ ಹೊತ್ತಿಗಿಂತ ಹಿಂದಕ್ಕೆ ಹೋಗಿ ಬರುತ್ತದೆ. ‘ನಾನು ಹೊರಟಾಗ ಮಳೆ ಬರುತ್ತಿತ್ತು’ ಎಂಬಲ್ಲಿ ಹೊರಟುದಕ್ಕೆ ಮೊದಲನೆಯ ರೂಪ ‘ಸಾಲೀ’, ಮಳೆಗೆ ಎರಡನೆಯ ರೂಪ ‘ಯೊಬೀಯಾ’.

೬

ಈ ಸರಿದೂಗಿಕೆಯು ಸ್ಥೂಲವಾದುದೆಂದು ಹೇಳಿತಷ್ಟೆ. ಸೂಕ್ಷ್ಮವಾಗಿ ನೋಡಿದರೆ ಮೂರು ಎಡೆಗಳಲ್ಲಿ ತಪ್ಪುದಾರಿ ಕಾದಿದೆ.

ಮೊದಲನೆಯದು ಕೃದಂತದ ವಿಷಯ. ಸ್ಪಾನಿಷ್ ಭಾಷೆಯಲ್ಲಿ ‘ಯೆಗಾಂದೊ’ ಎಂಬಂತಹ ಒಂದು ಅವ್ಯಯಕೃದಂತವಿದೆ. ಪಠ್ಯಪುಸ್ತಕದಲ್ಲಿ ಅದನ್ನು ಕಂಡ ಕನ್ನಡಿಗನು ‘ಬಂದು’ ಎಂಬುದಕ್ಕೆ ಸಮಾನವಾದುದು ದೊರೆಯಿತೆಂದು ಸಂತೋಷಪಡುತ್ತಾನೆ. ವಾಸ್ತವವಾಗಿ ಅದು ಕನ್ನಡದ ವರ್ತಮಾನನ್ಯೂನಕ್ಕೆ, ಎಂದರೆ ‘ಬರುತ್ತ’ ಎಂಬುದಕ್ಕೆ, ಸಮೀಪವಾದುದು. ಮುಖ್ಯಕ್ರಿಯೆಯೊಡನೆ ಕೂಡಿ ನಡೆಯುವುದನ್ನೂ, ಅದು ನಡೆದ ರೀತಿಯನ್ನೂ ಅದು ಹೇಳುತ್ತದೆ. ಅದರಿಂದ ಘಟನೆಗಳ ಸರಪಣಿಯನ್ನು ಹೆಣೆಯುವುದು ಶಿಷ್ಟಪ್ರಯೋಗವಲ್ಲ. ಮುಂದೆ ನಡೆದುದನ್ನು ಈ ಕೃದಂತದಿಂದ ಹೇಳುವುದನ್ನಂತೂ ವ್ಯಾಕರಣಕಾರರು ದೋಷವೆಂದೇ ಎಣಿಸುತ್ತಾರೆ.

ಹಾಗಾದರೆ ಕನ್ನಡದ ಸರಪಣಿಯನ್ನು ಅಲ್ಲಿ ಹೇಗೆ ಹೇಳಬೇಕು? ಮುದ್ರಣಾಲಯದ ಕೆಲಸವನ್ನು ವರ್ಣಿಸುವ ಒಂದು ವಾಕ್ಯವನ್ನೇ ತೆಗೆದುಕೊಳ್ಳಬಹುದು: ‘ಅಚ್ಚಿನ ಮೊಳೆಗಳನ್ನು ಜೋಡಿಸಿ, ಕರಡು ತಿದ್ದಿ, ಹಾಳೆಗಳನ್ನು ಮುದ್ರಿಸಿ, ಪುಸ್ತಕವನ್ನು ಕಟ್ಟಿದರು.’ ಸ್ಪಾನಿಷ್ ಭಾಷೆಯಲ್ಲಿ ಇದು ‘ಕೊಂಪುಸಿಯೆರೊನ್ ಲೊಸ್ ತೀಪೊಸ್, ಕೊರ್ರಿಹಿಯೆರೊನ್ ಲಾಸ್ ಪ್ರುಯೆಬಾಸ್, ಇಂಪ್ರಿಮಿಯೆರೊನ್ ಲೊಸ್ ಪ್ಲಿಯೆಗೊಸ್ ಇ ಎಂಕ್ವಾದೆರ್ನಾರೊನ್ ಎಲ್ ಲಿಬ್ರೊ’ ಎಂದಾಗುತ್ತದೆ. ‘ಜೋಡಿಸಿದರು, ತಿದ್ದಿದರು, ಮುದ್ರಿಸಿದರು, ಕಟ್ಟಿದರು’ ಎಂದು ನಾಲ್ಕು ಕ್ರಿಯೆಗಳೂ ಪೂರ್ಣರೂಪದಲ್ಲಿವೆ. ನಾಲ್ಕೂ ಪುರುಷವಚನಗಳನ್ನು ಹೊತ್ತಿವೆ. ಕೊನೆಯದರ ಹಿಂದೆ ‘ಇ’ ಎಂಬ ಸಮುಚ್ಚಯವಿದೆ. ಕನ್ನಡಿಗನ ಕಿವಿಗೆ ಇದು ತುಂಡುತುಂಡಾಗಿ ಕೇಳಿಸಬಹುದು. ಐರೋಪ್ಯನು ಕನ್ನಡದಲ್ಲಿ ಮೊದಮೊದಲು ಬರೆಯುವಾಗ ‘ಜೋಡಿಸಿದರು ಮತ್ತು ತಿದ್ದಿದರು ಮತ್ತು ಮುದ್ರಿಸಿದರು’ ಎಂದು ಪೇರಿಸುವುದಕ್ಕೂ ಕಾರಣವು ಇದೇ. ಒಬ್ಬನಿಗೆ ಕಲಿಯಬೇಕಾದುದು ಕ್ರಿಯೆಗಳನ್ನು ಅಡಗಿಸುವುದನ್ನು, ಮತ್ತೊಬ್ಬನಿಗೆ ಅವುಗಳನ್ನು ಬಿಡಿಸುವುದನ್ನು.

ಎರಡನೆಯ ತೊಡಕು ‘ಬಂದಿದ್ದೆ’ ಎಂಬ ರೂಪದ್ದು. ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ’ ಎಂದು ಕನ್ನಡಿಗನು ಹೇಳುವಾಗ ಅದಕ್ಕಿಂತ ಈಚಿನ ಮತ್ತೊಂದು ಭೂತಕ್ರಿಯೆಯು ಅವನ ಮನಸ್ಸಿನಲ್ಲಿರಬೇಕಾದುದಿಲ್ಲ. ಬಂದು ಹಿಂದಿರುಗಿದೆ, ಈಗ ಇಲ್ಲಿಲ್ಲ ಎಂಬಷ್ಟೇ ಅದರ ಧ್ವನಿ. ಇದನ್ನು ಸ್ಪಾನಿಷ್ ಭಾಷೆಯ ಪೂರ್ವಸಹಭೂತಕ್ಕೆ ಪರಿವರ್ತಿಸಿದರೆ ಕೇಳುವವನು ‘ಯಾವುದಕ್ಕಿಂತ ಮೊದಲು?’ ಎಂದು ಕಾದುಕೊಂಡಿರುವನು. ಅಲ್ಲಿ ‘ಆಯೆರ್ ಫುಯೀ ಆ ಸು ಕಾಸಾ’ ಎಂದು ಸರಳಭೂತವೇ ಯುಕ್ತವಾದುದು. ಇನ್ನೊಂದು ಭೂತಕ್ರಿಯೆಯು ಮಾತಿನಲ್ಲಾಗಲಿ ಸಂದರ್ಭದಲ್ಲಾಗಲಿ ಇದ್ದಾಗ ಮಾತ್ರ ‘ಅಬೀಯಾ’ ಎಂಬ ಸಹಾಯಕ್ರಿಯೆಯನ್ನು ಕರೆಯಬೇಕು.

ಮೂರನೆಯದು ಸ್ಥಿತಿವಾಚಕ ಕ್ರಿಯೆಗಳ ವಿಷಯ. ‘ತಿಳಿ’ ಎಂಬರ್ಥದ ಧಾತುವಿಗೆ ‘ಸಾಬೀಯಾ’, ‘ಸೂಪೆ’ ಎಂಬ ಎರಡು ಭೂತರೂಪಗಳಿವೆ. ಪರಿಚಯಾರ್ಥದ ಧಾತುವಿಗೆ ‘ಕೊನೊಸೀಯಾ’, ‘ಕೊನೊಸೀ’ ಎಂಬ ಎರಡು ರೂಪಗಳಿವೆ. ಇಂಗ್ಲಿಷಿನ ಮೂಲಕ ಕಲಿಯುವವನಿಗೆ ಈ ಭೇದವು ಬಗೆಹರಿಯದು, ಏಕೆಂದರೆ ಇಂಗ್ಲಿಷಿನಲ್ಲಿ ಇವೆರಡಕ್ಕೂ ಒಂದೇ ಭೂತರೂಪವು ನಡೆಯುತ್ತದೆ. ಕನ್ನಡದ ಮೂಲಕ ಕಲಿಯುವವನಿಗೋ ಇದು ಮನೆಯ ಮಾತು. ‘ನನಗೆ ಗೊತ್ತಿತ್ತು’ ಎಂಬುದು ‘ಸಾಬೀಯಾ’. ‘ನನಗೆ ಗೊತ್ತಾಯಿತು’ ಎಂಬುದು ‘ಸೂಪೆ’. ‘ಪರಿಚಯವಿತ್ತು’ ಎಂಬುದು ‘ಕೊನೊಸೀಯಾ’. ‘ಪರಿಚಯವಾಯಿತು’ ಎಂಬುದು ‘ಕೊನೊಸೀ’. ಕನ್ನಡವು ‘ಇರು’, ‘ಆಗು’ ಎಂಬ ಎರಡು ಧಾತುಗಳಿಂದ ಸಾಧಿಸುವ ಭೇದವನ್ನು ಸ್ಪಾನಿಷ್ ಭಾಷೆಯು ಒಂದೇ ಧಾತುವಿನ ಎರಡು ಕಾಲಗಳಿಂದ ಸಾಧಿಸುತ್ತದೆ. ಈ ಸಾಮ್ಯವು ಇಂಗ್ಲಿಷಿನಿಂದ ಅನುವಾದಿಸಿದ ಪಾಠಗಳಲ್ಲಿ ಕಾಣಸಿಗದು; ಕನ್ನಡದಿಂದ ನೇರವಾಗಿ ಹೊರಟರೆ ಮಾತ್ರ ಕಾಣುತ್ತದೆ.

೭

‘ಮೊದಲು’, ‘ಮೇಲೆ’ ಎಂಬ ಶಬ್ದಗಳಿಗೆ ಸ್ಪಾನಿಷ್ ಭಾಷೆಯಲ್ಲಿ ‘ಆಂತೆಸ್’, ‘ದೆಸ್ಪುಯೆಸ್’ ಎಂಬುವು ಇವೆ. ಇಲ್ಲಿ ಪಾಣಿನಿಯ ಸಮಾನಕರ್ತೃತ್ವದ ನಿಯಮವು ಆಶ್ಚರ್ಯಕರವಾಗಿ ಒದಗಿಬರುತ್ತದೆ. ಎರಡು ಕ್ರಿಯೆಗಳ ಕರ್ತೃವು ಒಬ್ಬನೇ ಆದರೆ ‘ದೆಸ್ಪುಯೆಸ್ ದೆ ಯೆಗಾರ್’ ಎಂದು ಧಾತುವಿನ ಭಾವರೂಪವನ್ನು ಬಳಸಿದರೆ ಸಾಕು. ಇದೇ ಕನ್ನಡದ ‘ಬಂದು’ ಎಂಬುದಕ್ಕೆ ಹತ್ತಿರವಾದ ಪ್ರಯೋಗ. ಕರ್ತೃಗಳು ಬೇರೆಯಾದರೆ ‘ಕೆ’ ಎಂಬುದನ್ನು ತಂದು ಪೂರ್ಣಕ್ರಿಯೆಯನ್ನಿಡುವುದು ಸಾಮಾನ್ಯ. ಕ್ರಿಯೆಯ ರೂಪವು ಕರ್ತೃವನ್ನು ಸೂಚಿಸಬೇಕಾಗುತ್ತದೆ. ಕನ್ನಡವೂ ಕರ್ತೃಭೇದವಿರುವಾಗ ‘ಬಂದು’ ಎಂಬುದನ್ನು ಬಿಟ್ಟು ‘ಅವನು ಬಂದ ಮೇಲೆ’, ‘ಅವನು ಬರಲು’, ‘ಅವನು ಬಂದಾಗ’ ಎಂಬ ರಚನೆಗಳಿಗೆ ಶರಣಾಗುತ್ತದೆ. ಎರಡು ಭಾಷೆಗಳೂ ಒಂದೇ ಗಡಿಯಲ್ಲಿ ದಾರಿಯನ್ನು ಬದಲಿಸುವುವು.

ಮತ್ತೊಂದು ಸಾಮ್ಯವು ಇದಕ್ಕಿಂತಲೂ ಸೂಕ್ಷ್ಮವಾದುದು. ‘ಅವನು ಬರುವ ಮೊದಲು’ ಎನ್ನಲು ಸ್ಪಾನಿಷ್ ಭಾಷೆಯು ‘ಆಂತೆಸ್ ದೆ ಕೆ ಯೆಗಾರಾ’ ಎನ್ನುತ್ತದೆ. ‘ಯೆಗಾರಾ’ ಎಂಬುದು ನಿಶ್ಚಯಾರ್ಥದ ರೂಪವಲ್ಲ, ಸಂಭಾವನಾರ್ಥದ್ದು. ನಡೆದುಹೋದ ಘಟನೆಗೆ ಸಂಭಾವನಾರೂಪವೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಕನ್ನಡದ ‘ಬರುವ’ ಎಂಬ ರೂಪವೇ ಅದಕ್ಕೆ ಉತ್ತರ. ಮುಖ್ಯಕ್ರಿಯೆಯ ಹೊತ್ತಿಗೆ ಆ ಘಟನೆಯು ಇನ್ನೂ ಸಿದ್ಧವಾಗಿರಲಿಲ್ಲ. ಅದನ್ನು ಕನ್ನಡವು ಭವಿಷ್ಯತ್ಕೃದಂತದಿಂದಲೂ ಸ್ಪಾನಿಷ್ ಭಾಷೆಯು ಸಂಭಾವನೆಯಿಂದಲೂ ಸೂಚಿಸುತ್ತದೆ. ಹಾಗೆಯೇ ‘ನಾಳೆ ಬಂದಾಗ’ ಎಂಬುದು ಅಲ್ಲಿ ‘ಕ್ವಾಂದೊ ಬೆಂಗಾ’ ಎಂದು ಸಂಭಾವನೆಯಲ್ಲಿಯೇ ಇರುವುದು. ಇಲ್ಲಿ ಮಾತ್ರ ಎರಡು ಭಾಷೆಗಳೂ ಅಗಲುತ್ತವೆ. ಕನ್ನಡಕ್ಕೆ ಕ್ರಮವು ಮುಖ್ಯ, ಸ್ಪಾನಿಷ್ ಭಾಷೆಗೆ ಸಿದ್ಧಾಸಿದ್ಧತೆಯು ಮುಖ್ಯ.

೮

ಮೇಲಿನ ವಿವೇಚನೆಯಿಂದ ಬೋಧನಕ್ರಮಕ್ಕೆ ಕೆಲವು ಸೂಚನೆಗಳು ಹೊರಡುತ್ತವೆ. ತಾರತಮ್ಯವನ್ನು ಕಲಿಸುವಾಗ ‘ಮಾಸ್’ ಮತ್ತು ‘ಕೆ’ಗಳನ್ನು ಬಿಡಿಬಿಡಿಯಾಗಿ ಕೊಡದೆ ಜೋಡಿಯಾಗಿಯೇ ಕೊಡಬೇಕು, ‘ದೆ’ ಬರುವ ಎಡೆಗಳನ್ನು ‘ಎಣಿಸಿದ್ದಕ್ಕಿಂತ’ ಎಂಬ ಮಾದರಿಯೊಡನೆ ಇಡಬೇಕು. ಪೂರ್ವಾಪರಕ್ರಮವನ್ನು ಕಲಿಸುವಾಗ ಮೊದಲು ಕನ್ನಡದ ಕೃದಂತಸರಪಣಿಯನ್ನು ಪೂರ್ಣಕ್ರಿಯೆಗಳನ್ನಾಗಿ ಬಿಡಿಸುವ ಅಭ್ಯಾಸವಾಗಬೇಕು, ಅನಂತರ ಹಿನ್ನೆಲೆಯ ಕ್ರಿಯೆಗಳನ್ನು ಸಹಭೂತಕ್ಕೆ ತಿರುಗಿಸುವ ಅಭ್ಯಾಸ, ಕೊನೆಗೆ ಪೂರ್ವಸಹಭೂತ. ಸ್ಥಿತಿವಾಚಕಗಳನ್ನು ‘ಇತ್ತು’, ‘ಆಯಿತು’ ಎಂಬ ಜೋಡಿಯಿಂದ ವಿವರಿಸಬೇಕು. ಇಂಗ್ಲಿಷಿನ ಮಧ್ಯಸ್ಥಿಕೆಯಿಂದ ಈ ಎಡೆಗಳಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು.

ಇದರಿಂದ ಕನ್ನಡದ ವ್ಯಾಕರಣಕ್ಕೂ ಒಂದು ಪ್ರಯೋಜನವುಂಟು. ಕನ್ನಡದ ಗುಣವಾಚಕಕ್ಕೆ ತಾರತಮ್ಯದ ಅಂತಸ್ತುಗಳಿಲ್ಲವೆಂಬ ಮಾತನ್ನು ಶಾಲೆಗಳಲ್ಲಿ ಒಂದು ಕೊರತೆಯಂತೆ ಹೇಳುವುದುಂಟು. ಇಪ್ಪತ್ತು ರಾಷ್ಟ್ರಗಳಲ್ಲಿ ರಾಜ್ಯಭಾಷೆಯಾಗಿರುವ ಸ್ಪಾನಿಷ್ ಭಾಷೆಯಲ್ಲಿಯೂ ನಾಲ್ಕಾರು ಗುಣವಾಚಕಗಳನ್ನು ಬಿಟ್ಟರೆ ಮಿಕ್ಕವು ತಾರತಮ್ಯಕ್ಕಾಗಿ ರೂಪವನ್ನು ಬದಲಿಸುವುದಿಲ್ಲ. ಅದರಿಂದ ಆ ಭಾಷೆಯವರಿಗೆ ಯಾವ ಅನನುಕೂಲವೂ ಒದಗಿಲ್ಲ. ಭೂತಕಾಲದ ವಿಷಯದಲ್ಲಿಯೂ ಹೀಗೆಯೇ. ಅವರು ಕಾಲರೂಪಗಳಲ್ಲಿ ಇಟ್ಟಿರುವ ಸಂಪತ್ತನ್ನು ಕನ್ನಡಿಗರು ಕೃದಂತಗಳಲ್ಲಿಯೂ ‘ಇರು’, ‘ಆಗು’ ಧಾತುಗಳಲ್ಲಿಯೂ ಇಟ್ಟಿರುವರು.

ಬಾಸೆಲ್ ಮಿಷನ್ನಿನ ಹಳೆಯ ಮುದ್ರಿತ ಗ್ರಂಥಗಳನ್ನೂ ದಾಖಲೆಗಳನ್ನೂ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಭಂಡಾರದಲ್ಲಿ ಕಾಪಾಡಿಕೊಂಡು ಬಂದಿರುವರು. ಅಲ್ಲಿಯ ವ್ಯಾಕರಣಗಳನ್ನು ಕನ್ನಡ ಕಲಿಯುವ ಐರೋಪ್ಯರ ಕೈಪಿಡಿಗಳೆಂದು ಮಾತ್ರ ನೋಡದೆ, ಐರೋಪ್ಯಭಾಷೆ ಕಲಿಯುವ ಕನ್ನಡಿಗರಿಗೆ ತಿರುಗುಮುರುಗಾಗಿ ಓದಬೇಕಾದ ಪಾಠಗಳೆಂದು ಅಧ್ಯಾಪಕರು ನೋಡಿದರೆ, ಸ್ಪಾನಿಷ್ ಭಾಷೆಗೆ ಕನ್ನಡದಿಂದಲೇ ನೇರವಾಗಿ ಹೊರಡುವ ಒಂದು ಪಾಠಪುಸ್ತಕವನ್ನು ರಚಿಸಲು ಬೇಕಾದ ಸಾಮಗ್ರಿಯ ಅರ್ಧಭಾಗವು ಅವುಗಳಲ್ಲಿಯೇ ದೊರೆಯುವುದು.